ಕಳಸಗಿತ್ತಿಯ ತಲೆನೋವು

ಮೆಡಿಕಲ್ ಸ್ಟೋರಿನಲ್ಲಿ ಮಾನ ಕಳೆದುಕೊಂಡವರ ಪಟ್ಟಿ ಮಾಡಿದರೆ ಮಳವಳ್ಳಿ ತಾಲ್ಲೂಕಿಗೆ ನಾನೇ ಮೊದಲು ಬರುತ್ತೇನೆ. ಮಳವಳ್ಳಿ–ಮದ್ದೂರು ಖಾಸಗಿ ಬಸ್ಸಿನ ಕಂಡಕ್ಟರು ನಾನು. ತಾಲ್ಲೂಕಿನ ಅರ್ಧ ಜನಕ್ಕೆ ನನ್ನ ಮುಖ ಗೊತ್ತು, ಉಳಿದರ್ಧಕ್ಕೆ ನನ್ನ ಶಿಳ್ಳೆ ಗೊತ್ತು. ಗುಟ್ಟಾಗಿ ಏನನ್ನಾದರೂ ಕೊಂಡುಕೊಳ್ಳುವ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ. ಆವತ್ತು ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋಗಿ, ಜನ ಕರಗಲಿ ಎಂದು ಅರ್ಧ ಗಂಟೆ ಗ್ಲೂಕೋಸ್ ಡಬ್ಬಿಯ ಮೇಲಿನ ಅಕ್ಷರ ಓದುತ್ತಾ ನಿಂತೆ. ಜನ ಕರಗಲಿಲ್ಲ, ಹೆಚ್ಚಾದರು. ಕೊನೆಗೆ ಅಂಗಡಿಯವನ ಕಿವಿಯ ಹತ್ತಿರ ಬಾಗಿದೆ.

"ಅದೇ ಕಣಣ್ಣ... ಎಂಗಸ್ರು ಆಚೆ ಕೂರೋದನ್ನ ವಸಿ ಮುಂದಕ್ಕಾಕೋ ಮಾತ್ರೆ."

"ಯಾರಿಗೆ?"

ಅಕ್ಕನಿಗೆ ಎಂದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಪೂರಿಗಾಲಿಯ ಮೇಷ್ಟ್ರು ಕೆಮ್ಮಿನ ಔಷಧಿಗೆ ನಿಂತಿದ್ದರು. ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಪ್ರಯತ್ನಪಟ್ಟು ಸೋತವರು. ಅವರ ಕಣ್ಣು ನನ್ನ ಮೇಲೆ ಬಿದ್ದದ್ದೇ ನನ್ನ ಬಾಯಿ ತಾನೇ ತಾನಾಗಿ, "ನಂಗೇಯ" ಎಂದುಬಿಟ್ಟಿತು.

ಮೇಷ್ಟ್ರು ಕೆಮ್ಮುವುದನ್ನೇ ನಿಲ್ಲಿಸಿದರು. ಅಂಗಡಿಯವನು ಮಾತ್ರ ತಲೆಯೆತ್ತಲಿಲ್ಲ. ಮಾತ್ರೆಯ ಪಟ್ಟಿಯನ್ನು ಕಾಗದದ ಕವರಿಗೆ ಹಾಕುತ್ತಾ, "ದಿನಕ್ಕೆ ಎಲ್ಡು. ಉಂಡ್ಕಂಡು ನುಂಗು" ಎಂದ. ಡಾಕ್ಟರ ಚೀಟಿ ಎಲ್ಲಿ ಎಂದು ಅವನು ಕೇಳಲಿಲ್ಲ. ಚೀಟಿ ಬೇಕಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಹಬ್ಬಕ್ಕೆ, ಮದುವೆಗೆ, ಹರಕೆಗೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಈ ಮಾತ್ರೆ ಹೀಗೇ ಬರುತ್ತದೆ, ಅರಿಶಿನ ಕುಂಕುಮದ ಜೊತೆ ಒಂದೇ ಚೀಲದಲ್ಲಿ.

ಮನೆಗೆ ಬಂದು ಇದನ್ನು ಹೇಳಿದಾಗ ಅಕ್ಕ ಹಜಾರದಲ್ಲಿ ಬಿದ್ದು ನಕ್ಕಳು. "ನಂಗೇಯ ಅಂದ್ಯಾ? ಯಾವಾಗ್ಲಾ ಮೈನೆರೆದೆ ನೀನು? ಒಂದ್ಮಾತು ಯೋಳಿದ್ರೆ ಚಿಗ್ಲಿ ಉಂಡೆ ಮಾಡ್ಕಂಡು ಬತ್ತಿರ್ನಿಲ್ವಾ?"

ನನ್ನ ಮೂರ್ಖತನಕ್ಕೆ ಅವಳಷ್ಟು ಒಳ್ಳೆಯ ಗಿರಾಕಿ ಇನ್ನೊಬ್ಬರಿರಲಿಲ್ಲ. ನಾನು ಹತ್ತನೇ ಕ್ಲಾಸಿನಲ್ಲಿ ಫೇಲಾಗುವ ಮೊದಲೇ ಅಪ್ಪ ತೀರಿಕೊಂಡಿದ್ದ. ಆ ರಿಸಲ್ಟ್ ನೋಡುವ ಕಷ್ಟ ಅವನಿಗೆ ತಪ್ಪಿತು. ಆಮೇಲೆ ಅವ್ವ ಗದ್ದೆ ನೋಡಿಕೊಂಡಳು, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ನೋಡಿಕೊಂಡಳು. ಮದ್ದೂರಿನ ಪಕ್ಕದ ಹಳ್ಳಿಗೆ ಮದುವೆಯಾಗಿ ಹೋಗಿ ಹತ್ತು ವರ್ಷವಾಗಿದ್ದರೂ, ಎರಡನೇ ಕ್ಲಾಸಿನ ಮಗಳಿದ್ದರೂ, ದಿನಾ ಒಂದು ಸಲ ಫೋನ್ ಮಾಡಿ ನನ್ನನ್ನು ಬೈಯದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅವಳ ಗಂಡ, ನಮ್ಮ ಬಾವ, ಕಬ್ಬು ಬೆಳೆಯುವವರು. ಮಾತು ಕಡಿಮೆ. ಆ ಮನೆಯ ಪಾಲಿನ ಮಾತನ್ನೆಲ್ಲ ಅಕ್ಕನೇ ಆಡುತ್ತಿದ್ದಳು.

ಮಾತ್ರೆ ಬೇಕಾದದ್ದು ನನ್ನ ಮದುವೆಗೆ. ಅದರ ಕೆಲಸಕ್ಕೆಂದೇ ಅಕ್ಕ ಆಗಲೇ ತವರಿಗೆ ಬಂದಿದ್ದಳು. ನಮ್ಮಲ್ಲಿ ಮದುವೆಯ ಕಳಸ ಹಿಡಿಯಲು ಒಬ್ಬ ಮುತ್ತೈದೆ ಬೇಕು. ಅವಳನ್ನು ಕಳಸಗಿತ್ತಿ ಅನ್ನುತ್ತೇವೆ. ಚಪ್ಪರದ ದಿನದಿಂದ ಧಾರೆ ಮುಗಿಯುವವರೆಗೆ ಅವಳು ಮಡಿಯಲ್ಲಿರಬೇಕು, ಶಾಸ್ತ್ರ ಮುಗಿಯುವವರೆಗೆ ಉಪವಾಸ ಇರಬೇಕು. ನನ್ನ ಮದುವೆಗೆ ಕಳಸಗಿತ್ತಿ ಅಕ್ಕ ಎಂಬುದು ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲೇ ತೀರ್ಮಾನವಾಗಿತ್ತು. ಅವ್ವ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳು ಮಡಚಿ ಲೆಕ್ಕ ಹಾಕಿದಾಗ ಅಕ್ಕನ ದಿನ ಸರಿಯಾಗಿ ಧಾರೆಯ ದಿನಕ್ಕೇ ಬಂದು ಕೂತಿತ್ತು. ಆ ವಿಷಯ ನಮ್ಮ ಮೂವರಲ್ಲೇ ಉಳಿಯಿತು. ಬಾವನಿಗೂ ಹೇಳಲಿಲ್ಲ. ಗಂಡಸರ ಕಿವಿಗೆ ಹಾಕುವ ಮಾತಲ್ಲ ಅದು. ನಾನು ಗಂಡಸರ ಲೆಕ್ಕಕ್ಕೆ ಇನ್ನೂ ಸೇರಿರಲಿಲ್ಲ ಎಂದು ಕಾಣುತ್ತದೆ.

ಅಕ್ಕ ಮಾತ್ರೆ ಶುರು ಮಾಡಿ ನಾಲ್ಕು ದಿನವಾಗಿತ್ತು. ದಾಯಾದಿಯ ಮುದುಕರೊಬ್ಬರು, ನನ್ನ ಮದುವೆ ಊಟಕ್ಕೆಂದೇ ಹಲ್ಲು ಕಟ್ಟಿಸಿಕೊಂಡಿದ್ದವರು, ಬೆಳಗ್ಗೆ ಕಾಫಿ ಕುಡಿದು ಒರಗಿದರು, ಏಳಲಿಲ್ಲ. ಸೂತಕ ಬಂತು. ಮದುವೆ ಹದಿನೈದು ದಿನ ಮುಂದಕ್ಕೆ ಹೋಯಿತು. ನಾನು ಬಸ್ಸಿನಲ್ಲಿ, "ಮದ್ವೆ ಗಾಡಿ ಪಂಕ್ಚರ್ ಆಗದೆ, ಮುಂದಿನ್ ಸ್ಟಾಪ್‌ನಲ್ಲಿ ಹತ್ಕಳಿ" ಎಂದು ಪ್ರಯಾಣಿಕರಿಗೆ ಸಾರಿದೆ.

ಈಗ ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಮದುವೆ ಮುಂದಕ್ಕೆ ಹೋದ ಮೇಲೆ ಅಕ್ಕ ಮಾತ್ರೆ ನಿಲ್ಲಿಸಿದ್ದರೆ ಎರಡು ಮೂರು ದಿನಕ್ಕೆ ಆಗಬೇಕಾದದ್ದು ಆಗಿ, ಮುಗಿದು, ತಲೆಗೆ ನೀರು ಹಾಕಿಕೊಂಡು, ಹದಿನೈದನೇ ದಿನಕ್ಕೆ ಆರಾಮಾಗಿ ಕಳಸ ಹಿಡಿಯಬಹುದಿತ್ತು. ಎರಡನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ. ಬಸ್ಸಿನಲ್ಲಿ ಎಪ್ಪತ್ತು ಜನರ ಚಿಲ್ಲರೆ ನೆನಪಿಟ್ಟುಕೊಳ್ಳುವ ನನಗೆ ಹೊಳೆಯಲಿಲ್ಲ. ಅವ್ವನಿಗೆ ಹೊಳೆಯಲಿಲ್ಲ. ಅವ್ವನಿಗಿದ್ದದ್ದು ಒಂದೇ ಹೆದರಿಕೆ: ನಡುವೆ ನಿಲ್ಲಿಸಿ ಅದು ಯಾವಾಗಲೋ ಬಂದು ಚಪ್ಪರದ ದಿನಕ್ಕೇ ಕೂತುಬಿಟ್ಟರೆ?

"ಸುರು ಮಾಡಾಗದೆ, ನುಂಗ್ಬುಡವ್ವ ಇನ್ನೊಂದೀಟ್ ದಿನ" ಎಂದು ಅಕ್ಕನಿಗೆ ಹೇಳಿದಳು. ನನಗೆ, "ಇನ್ನೂ ಮೂರ್ ಪಟ್ಟಿ ತಂದಾಕ್ಲಾ" ಎಂದಳು.

ತಂದೆ. ಈ ಸಲ ಅನುಭವಸ್ಥನಂತೆ ಜೋರಾಗಿ ಕೇಳಿ ತಂದೆ.

ಮದುವೆಗೆ ಮೂರು ದಿನ ಇರುವಾಗ, ಸೋಮವಾರ, ನಮ್ಮ ಮನೆ ಜಗಲಿಯಲ್ಲಿ ಕೂತು ತೋರಣಕ್ಕೆ ಮಾವಿನ ಸೊಪ್ಪು ಕಟ್ಟುತ್ತಿದ್ದೆವು. ಬಿಸಿಲು ಅಂದರೆ ಅಂಥಾ ಬಿಸಿಲು, ಕಟ್ಟಿದ ಸೊಪ್ಪು ಕಟ್ಟುತ್ತಿದ್ದಂತೆ ಬಾಡುತ್ತಿತ್ತು. ಅಕ್ಕ ಸೊಪ್ಪು ಬಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು.

"ಲೇ, ತಲೆ ಸಿಡೀತದೆ ಕಣ್ಲಾ. ಮೂರ್ ದಿನಾಯ್ತು ಬುಡ್ತಾನೇ ಇಲ್ಲ. ಮಲಿಕಂಡ್ರೆ ಇನ್ನೂ ಜಾಸ್ತಿ ಆಯ್ತದೆ."

"ಒಳಗೇನೂ ಇಲ್ದಿದ್ ಜಾಗದಲ್ಲಿ ನೋವು ಯೆಂಗಕ್ಕ ಬತ್ತದೆ?" ಎಂದೆ.

ಅವಳು ಕೈಗೆ ಸಿಕ್ಕ ಸೊಪ್ಪಿನ ಕಟ್ಟು ನನ್ನ ಮುಖಕ್ಕೆ ಎಸೆದು ನಕ್ಕಳು. ನಗುವಾಗಲೂ ತಲೆ ಬಿಟ್ಟಿರಲಿಲ್ಲ. ಜೋಕು ಚೆನ್ನಾಗಿತ್ತು ಎಂದು ನನಗೆ ಹೆಮ್ಮೆಯಾಯಿತು. ಸಂಜೆ ಡ್ರೈವರನಿಗೂ ಹೇಳಿದೆ.

ಚಪ್ಪರದ ದಿನ ಎರಡು ಸಲ ವಾಂತಿ ಮಾಡಿದಳು. ಖಾಲಿ ಹೊಟ್ಟೆ, ಪಿತ್ತ ಕೆರಳಿದೆ ಎಂದಳು ಅವ್ವ. ನಮ್ಮ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಊರಿನ ಎಲ್ಲ ಕಾಯಿಲೆಗೂ ಒಂದೇ ಕಾರಣ ಇಟ್ಟುಕೊಂಡವಳು, "ದಿಷ್ಟಿ ಕಣವ್ವ, ಒಸಾ ಸೀರೆ ಉಟ್ಟವ್ಳೆ, ಯಾವ ಕಣ್ಣು ಬಿತ್ತೋ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನೂ ಸುಮ್ಮನಿರಲಿಲ್ಲ. ಬಸ್ಸಿನ ಫಸ್ಟ್ ಏಡ್ ಡಬ್ಬಿಯಲ್ಲಿ ಬಹಳ ಕಾಲದಿಂದ ವಾಸವಾಗಿದ್ದ ಒಂದು ಪ್ಯಾರಸಿಟಮಾಲ್ ತಂದುಕೊಟ್ಟೆ. ಶಾಸ್ತ್ರ ಮುಗಿಯುವವರೆಗೆ ಬಾಯಿಗೆ ನೀರೂ ಹಾಕುವುದಿಲ್ಲ ಎಂದು ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಆಗ ಅವಳನ್ನು ಗಾಡಿಯಲ್ಲಿ ಕೂರಿಸಿದ್ದರೆ ಕಾಲು ಗಂಟೆಗೆ ಮಳವಳ್ಳಿ ಆಸ್ಪತ್ರೆ. ಆ ಕಾಲು ಗಂಟೆ ಆವತ್ತು ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ಬ್ಯಾಂಡಿನವರಿಗೆ ಕಾಯುತ್ತಾ ನಾನು ಎರಡು ಗಂಟೆ ರಸ್ತೆಯಲ್ಲಿ ನಿಂತಿದ್ದೆ.

ಧಾರೆಯ ದಿನ ಮಳವಳ್ಳಿಯ ಛತ್ರದಲ್ಲಿ ಅಕ್ಕ ಕಳಸ ಹಿಡಿದು ನನ್ನ ಪಕ್ಕದಲ್ಲಿ ನಿಂತಳು. ಮದುವೆಯ ವಿಡಿಯೋದಲ್ಲಿ ಅದು ಇದೆ. ನಾನು ಪೇಟ ಕಟ್ಟಿಕೊಂಡು, ಟಿಕೆಟ್ ಇಲ್ಲದೆ ಹತ್ತಿದವನ ಹಾಗೆ ಹಲ್ಲು ಕಿರಿಯುತ್ತಿದ್ದೇನೆ. ಅಕ್ಕ ಒಂದು ಕಣ್ಣು ಮುಚ್ಚಿಕೊಂಡಿದ್ದಾಳೆ. ನೋಡಿದವರು ಅವಳು ಯಾರಿಗೋ ಕಣ್ಣು ಹೊಡೆಯುತ್ತಿದ್ದಾಳೆ ಅಂದುಕೊಳ್ಳಬೇಕು. ಅವಳು ನನ್ನ ಕಿವಿಯಲ್ಲಿ ಹೇಳಿದ್ದು ವಿಡಿಯೋದಲ್ಲಿ ಕೇಳುವುದಿಲ್ಲ.

"ನಿನ್ನೆಂಡ್ತಿ ಎಲ್ಡೆಲ್ಡಾಗಿ ಕಾಣ್ತಾವ್ಳೆ ಕಣ್ಲಾ."

"ಒಬ್ಳನ್ ಸಾಕೋದೇ ಕಷ್ಟ ಅದೆ, ಇನ್ನೊಬ್ಳನ್ನ ನೀನೇ ಕರ್ಕಂಡೋಗು."

ಮದುಮಗಳು, ಮಂಡ್ಯದ ಹುಡುಗಿ, ತಲೆ ಬಗ್ಗಿಸಿದ್ದಲ್ಲೇ ಕಿಸಕ್ಕನೆ ನಕ್ಕಳು. ನನ್ನ ಹೆಂಡತಿ ನನ್ನ ಮಾತಿಗೆ ಮೊದಲ ಸಲ ನಕ್ಕದ್ದು ಅದೇ. ಇವತ್ತಿಗೂ ಅವಳಿಗೆ ಅದನ್ನು ನೆನಪಿಸಲು ನನಗೆ ಧೈರ್ಯವಿಲ್ಲ.

ಮಾರನೇ ದಿನ ಬೆಳಗ್ಗೆ, ಬೀಗರ ಊಟಕ್ಕೆ ಹಿತ್ತಲಲ್ಲಿ ಒಲೆ ಹಚ್ಚಿದ್ದರು. ಅಕ್ಕ ಚೊಂಬಿನಲ್ಲಿ ನೀರು ತೆಗೆದುಕೊಂಡು ಹೊರಟವಳು ಚೊಂಬು ಕೈಬಿಟ್ಟಳು. ಬಗ್ಗಿ ಎತ್ತಲು ಹೋದಳು. ಬಲಗೈ ಚೊಂಬಿನ ಹತ್ತಿರ ಹೋಗುತ್ತಿತ್ತು, ಹಿಡಿಯುತ್ತಿರಲಿಲ್ಲ. "ಯಾಕಕ್ಕ?" ಎಂದು ಕೇಳಿದ್ದಕ್ಕೆ ಏನೋ ಹೇಳಲು ಹೊರಟಳು. ಬಂದದ್ದು ಮಾತಲ್ಲ. ನನ್ನನ್ನೇ ನೋಡುತ್ತಿದ್ದಳು, ನಾನು ಏನೋ ಚೇಷ್ಟೆ ಮಾಡಿ ಅವಳ ಮಾತು ಬಚ್ಚಿಟ್ಟಿದ್ದೇನೆ ಎಂಬಂತೆ. ಆಮೇಲೆ ಅಲ್ಲೇ ಬಿದ್ದಳು. ಕೈಕಾಲು ಸೆಟೆದುಕೊಂಡು ಮೈಯೆಲ್ಲ ಅದುರತೊಡಗಿತು.

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಯಾರೋ ಬೀಗದ ಕೈ ಗೊಂಚಲು ತುರುಕಿದರು. ಅವಳ ಬಲಗೈ ಅದನ್ನೂ ಹಿಡಿಯಲಿಲ್ಲ.

ಬೀಗರು ಬಂದಿದ್ದ ಕಾರಿನಲ್ಲೇ ಅವಳನ್ನು ಮಲಗಿಸಿಕೊಂಡು ಹೊರಟೆವು. ಬಾವ, ಅವ್ವ, ನಾನು, ಮುಂದಿನ ಸೀಟಿನಲ್ಲಿ ಹೆಂಡತಿಯ ಅಪ್ಪ. ಮಳವಳ್ಳಿಯ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ನೋಡಿದ ಕೂಡಲೇ ಮಂಡ್ಯದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಕನ್ನಡಕ ಹಾಕಿದ್ದ ಲೇಡಿ ಡಾಕ್ಟರೊಬ್ಬರು, ನನ್ನದೇ ವಯಸ್ಸಿನವರು, ಅಕ್ಕನ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾ ಒಂದೊಂದೇ ಕೇಳಿದರು. ಇತ್ತೀಚೆಗೆ ಹೆರಿಗೆ ಆಗಿತ್ತಾ? ಗರ್ಭಪಾತ ಆಗಿತ್ತಾ? ಕಿವಿ ಸೋರುತ್ತಾ? ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ತಲೆನೋವು ಎಷ್ಟು ದಿನದಿಂದ?

ಆಮೇಲೆ, "ಏನಾದ್ರೂ ಮಾತ್ರೆ ತಗೋತಿದ್ರಾ?"

ಅವ್ವ ನನ್ನನ್ನು ನೋಡಿದಳು. ನಾನು ಗೋಡೆಗೆ ಅಂಟಿಸಿದ್ದ ಸೊಳ್ಳೆಯ ಚಿತ್ರ ನೋಡಿದೆ.

"ಇಲ್ಲ ಮೇಡಂ," ಎಂದರು ಬಾವ, ಪೂರ್ತಿ ನಂಬಿಕೆಯಿಂದ. "ತಲೆನೋವಿನ್ ಮಾತ್ರೆನೂ ನುಂಗೋಳಲ್ಲ ಅವ್ಳು."

"ಏನೂ ಇಲ್ಲ ಕಣವ್ವ" ಎಂದಳು ಅವ್ವ.

ಮದ್ದೂರು ಬಂತು, ಇಳೀರಿ ಎಂದು ಅರ್ಧ ಮೈಲಿಗೆ ಕೇಳುವಂತೆ ಕೂಗುವ ಬಾಯಿ ನನ್ನದು. ಅಲ್ಲಿ ಬಾವ ನಿಂತಿದ್ದರು, ನನ್ನ ಹೊಸ ಮಾವ ಬಾಗಿಲಲ್ಲಿ ನಿಂತಿದ್ದರು. ಅವರ ಮುಂದೆ ಮುಟ್ಟಿನ ಮಾತ್ರೆಯ ಹೆಸರೆತ್ತುವುದು ಹೇಗೆ ಎಂದು ಆ ಬಾಯಿ ಮುಚ್ಚಿಕೊಂಡಿತು. ಅದಕ್ಕೂ ತಲೆಗೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲ ಸ್ಕ್ಯಾನಿನಲ್ಲಿ ಮೆದುಳು ಊದಿಕೊಂಡಿದೆ, ಒಂದು ಕಡೆ ಸ್ವಲ್ಪ ರಕ್ತ ಸೋರಿದೆ ಎಂದು ಬಂತು. ಯಾಕೆ ಎಂದು ಖಚಿತವಾಗಿ ತಿಳಿಯಲಿಲ್ಲ. ಆವತ್ತು ಅದರಲ್ಲೇ ಕಳೆಯಿತು. ಮಾರನೇ ದಿನ ಬೆಳಗ್ಗೆ ನಾನು ಡಾಕ್ಟರು ಒಬ್ಬರೇ ಇದ್ದಾಗ ಹಿಂದೆ ಹಿಂದೆ ಹೋಗಿ ಎಲ್ಲ ಹೇಳಿದೆ. ಯಾವ ಮಾತ್ರೆ, ಎಷ್ಟು ಪಟ್ಟಿ, ಇಪ್ಪತ್ತು ದಿನದ ಹತ್ತಿರ ಹತ್ತಿರ ನುಂಗಿದ್ದು, ಬಿಸಿಲು, ಉಪವಾಸ, ನೀರು ಬಿಟ್ಟದ್ದು, ಕಣ್ಣು ಎರಡೆರಡಾದದ್ದು.

ಅವರು ಬರೆಯುವುದನ್ನು ನಿಲ್ಲಿಸಿದರು. "ನಿನ್ನೆ ಯಾಕೆ ಹೇಳಲಿಲ್ಲ?"

"ಬಾವ ಇದ್ರು ಮೇಡಂ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಫೋನ್ ಎತ್ತಿ ಮೆದುಳಿನ ರಕ್ತನಾಳ ತೋರಿಸುವ ಎಂಆರ್‌ಐಗೆ ತಕ್ಷಣ ಏರ್ಪಾಟು ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ನನ್ನನ್ನು ಕೂರಿಸಿ ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. "ನಿಮ್ಮದು ಗದ್ದೆ ಇದೆಯಲ್ಲ? ನಾಲೆಯಿಂದ ನೀರು ಬರುತ್ತೆ, ಹೆಚ್ಚಾದದ್ದು ಬಸಿಗಾಲುವೆಯಲ್ಲಿ ಹೊರಗೆ ಹೋಗುತ್ತೆ. ಬಸಿಗಾಲುವೆ ಕಟ್ಟಿಕೊಂಡರೆ?"

"ಗದ್ದೆ ತುಂಬ್ಕಂಡು ಬದು ಕಿತ್ತೋಯ್ತದೆ ಮೇಡಂ."

"ಅದೇ ಆಗಿರೋದು. ಮೆದುಳಿಂದ ರಕ್ತ ವಾಪಸ್ ತರೋ ನಾಳ ಕಟ್ಟಿಕೊಂಡಿದೆ. ಅಲ್ಲಿ ಹೆಪ್ಪುಗಟ್ಟಿದೆ."

ಮಾತ್ರೆ ಒಂದರಿಂದಲೇ ಆಯಿತು ಎಂದು ಅವರು ಹೇಳಲಿಲ್ಲ. ಎಷ್ಟೋ ಹೆಂಗಸರು ಇದನ್ನು ನುಂಗುತ್ತಾರೆ, ಏನೂ ಆಗುವುದಿಲ್ಲ. ಕೆಲವರ ರಕ್ತಕ್ಕೆ ಹುಟ್ಟಿನಿಂದಲೇ ಹೆಪ್ಪುಗಟ್ಟುವ ಗುಣ ಇರುತ್ತದೆ, ಅದು ಯಾರಿಗೂ ತಿಳಿದಿರುವುದಿಲ್ಲ. ಅಕ್ಕನಿಗೆ ರಕ್ತವೂ ಕಡಿಮೆ ಇತ್ತು. ಅದರ ಮೇಲೆ ಹಾರ್ಮೋನಿನ ಮಾತ್ರೆ, ಮೈಯಲ್ಲಿ ನೀರಿಲ್ಲದ್ದು, ಎಲ್ಲ ಸೇರಿಕೊಂಡಿದೆ. ಬಾಣಂತಿಯರಲ್ಲೂ ಇದನ್ನು ನೋಡುತ್ತೇವೆ ಎಂದರು. ದಿನದಿಂದ ದಿನಕ್ಕೆ ಏರುವ ತಲೆನೋವು, ಮಲಗಿದರೆ ಹೆಚ್ಚಾಗುವುದು, ವಾಂತಿ, ಕಣ್ಣು ಮಂಜಾಗುವುದು, ಆಮೇಲೆ ಫಿಟ್ಸು. ಅವರು ಒಂದೊಂದಾಗಿ ಹೇಳುತ್ತಿದ್ದರೆ ನನಗೆ ಒಂದೊಂದರ ಪಕ್ಕದಲ್ಲೂ ನಾನು ಆಡಿದ ಜೋಕು ಕೇಳಿಸುತ್ತಿತ್ತು.

"ಉಳೀತಾಳಾ ಮೇಡಂ?"

"ಹೆಚ್ಚಿನವರು ಉಳೀತಾರೆ. ರಕ್ತ ತೆಳುವಾಗೋ ಇಂಜೆಕ್ಷನ್ ಶುರು ಮಾಡಿದ್ದೀವಿ. ಆಮೇಲೆ ಕೆಲವು ತಿಂಗಳು ಮಾತ್ರೆ. ಕೆಲವರಿಗೆ ಪೂರ್ತಿ ವಾಸಿಯಾಗುತ್ತೆ. ಕೆಲವರಿಗೆ ಫಿಟ್ಸ್ ಉಳಿಯುತ್ತೆ, ಕೈ ಸ್ವಾಧೀನ, ಮಾತು, ದೃಷ್ಟಿ, ಏನಾದರೂ ಸ್ವಲ್ಪ ಉಳಿಯುತ್ತೆ. ಕೆಲವರು..." ಎಂದು ನಿಲ್ಲಿಸಿ, "ನೋಡೋಣ" ಎಂದರು. ಹೊರಗೆ ಬಂದು ಬಾವನಿಗೆ ರಕ್ತ ಹೆಪ್ಪುಗಟ್ಟಿದೆ ಎಂದಷ್ಟೇ ಹೇಳಿದೆ, ಮಾತ್ರೆಯ ಹೆಸರೆತ್ತಲಿಲ್ಲ.

ಎಲ್ಲರೂ ಪಾಸಾಗುವ ಪರೀಕ್ಷೆಯಲ್ಲಿ ಫೇಲಾಗಿ ಅಭ್ಯಾಸವಿದ್ದದ್ದು ನನಗೆ. ಅಕ್ಕನಿಗಲ್ಲ. ಅದಕ್ಕೇ ಧೈರ್ಯ ತಂದುಕೊಂಡೆ. ಅವಳೂ ಆ ಧೈರ್ಯ ಉಳಿಸಿದಳು. ಮೂರನೇ ದಿನ ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿದಳು. ನೀರು ಬೇಕಿತ್ತು ಅವಳಿಗೆ. ತುಟಿ ತೋರಿಸಿ, ಬಹಳ ಕಷ್ಟಪಟ್ಟು, "ಚಪ್ರ" ಎಂದಳು. ಅದಲ್ಲ ಎಂದು ಅವಳಿಗೇ ಗೊತ್ತಾಗಿ ಮತ್ತೆ ಪ್ರಯತ್ನಿಸಿದಳು. ಮತ್ತೆ "ಚಪ್ರ". ಅವಳ ಕಣ್ಣಲ್ಲಿ ನೀರು ಬಂತು. ನಾನು ಚಮಚದಲ್ಲಿ ನೀರು ಹಾಕುತ್ತಾ, "ತಗೋ ಕಣಕ್ಕ, ಚಪ್ರ ಕುಡಿ" ಎಂದೆ. ಎಡಗೈಯಿಂದ ನನ್ನ ಕೈಮೇಲೆ ಒಂದು ಏಟು ಕೊಟ್ಟಳು. ಮೆಲ್ಲಗೆ.

ನಾಲ್ಕನೇ ದಿನ ಮಧ್ಯಾಹ್ನ ಊತ ಜಾಸ್ತಿಯಾಯಿತು. ಎಬ್ಬಿಸಿದರೆ ಏಳಲಿಲ್ಲ. ಮೈಸೂರಿಗೆ ಕಳಿಸಿ ತಲೆಯ ಮೂಳೆ ಸ್ವಲ್ಪ ತೆಗೆದು ಒತ್ತಡ ಇಳಿಸಬೇಕು ಎಂದರು. ಬಾವ ಸಹಿ ಹಾಕಿದರು. ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತಿತು. ಅಕ್ಕನನ್ನು ಅದಕ್ಕೆ ಹತ್ತಿಸುವ ಕೆಲಸ ಬರಲಿಲ್ಲ.

ಮಣ್ಣು ಮಾಡಿ ಬಂದ ದಿನದಿಂದಲೇ ಮಾತು ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಕೇಳಿಸಲಿ ಎಂದೇ. ಹೊಸ ಸೊಸೆಯ ಕಾಲ್ಗುಣ. ಮದುವೆ ಗೊತ್ತಾದಾಗ ಒಂದು ಹೆಣ, ಹೊಸಿಲು ದಾಟಿದ ಮೇಲೆ ಇನ್ನೊಂದು ಹೆಣ. ನನ್ನ ಹೆಂಡತಿ ಬಂದು ವಾರವಾಗಿತ್ತಷ್ಟೆ. ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದೂ ಅವಳಿಗೆ ಗೊತ್ತಿರಲಿಲ್ಲ. ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ನಾನೇನ್ ಮಾಡ್ದೆ ಅಂತ ಇವ್ರೆಲ್ಲ ಇಂಗಂತಾರೆ?"

ನೀನೇನೂ ಮಾಡಲಿಲ್ಲ ಎಂದೆ. ಮಾಡಿದವರು ಯಾರು ಎಂದು ಹೇಳಲಿಲ್ಲ. ಹೇಳಿದರೆ ಅವ್ವನ ಹೆಸರು ಬರುತ್ತಿತ್ತು. ಅವ್ವ ಆ ದಿನಗಳಲ್ಲಿ ಗೋಡೆಗೆ ಒರಗಿ ಕೂತವಳು ಕೂತ ಹಾಗೇ ಇರುತ್ತಿದ್ದಳು, ಬಾಯಿಗೆ ಅನ್ನ ಇಟ್ಟರೂ ಅಗಿಯುವುದನ್ನು ಮರೆಯುತ್ತಿದ್ದಳು. ಅವಳ ಮೇಲೆ ಇನ್ನೊಂದು ಕಲ್ಲು ಹೇರಲು ನನ್ನಿಂದಾಗಲಿಲ್ಲ. ಹಾಗಾಗಿ ಅದನ್ನು ಹೆಂಡತಿಯ ಮೇಲೆ ಬಿಟ್ಟೆ.

ಹನ್ನೊಂದನೇ ದಿನದ ತಿಥಿ ಬಾವನ ಮನೆಯಲ್ಲಿ. ನನ್ನ ಹೆಂಡತಿ ಬಡಿಸಲು ಅನ್ನದ ಬುಟ್ಟಿ ಎತ್ತಿಕೊಂಡಳು. ದೊಡ್ಡವ್ವ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

"ನೀನ್ ಬುಡವ್ವ. ನಿನ್ ಕೈಯಿಂದ ಆಗಿದ್ದು ಸಾಕು. ಕಾಲಿಟ್ಟು ಒಂದಿನ ಆಗ್ನಿಲ್ಲ, ಕಳ್ಸ ಇಡ್ದೋಳ್ನೇ ನುಂಗ್ಕಂಡೆ."

ಪಂಕ್ತಿಯಲ್ಲಿ ಕೂತವರೆಲ್ಲ ಎಲೆ ನೋಡಿಕೊಂಡರು. ಹೆಂಡತಿ ಖಾಲಿ ಕೈ ಹಾಗೇ ಚಾಚಿಕೊಂಡು ನಿಂತಿದ್ದಳು. ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ಅವ್ಳಲ್ಲ ದೊಡ್ಡವ್ವ," ಎಂದೆ. ಬಸ್ಸಿನಲ್ಲಿ ಕೂಗುವ ದನಿಯೇ ಬಂತು. "ಅಕ್ಕ ಆಚೆ ಕೂರ್ಬಾರ್ದು ಅಂತ ಮಾತ್ರೆ ನುಂಗಿದ್ಲು. ಇಪ್ಪತ್ತು ದಿನ. ತಂದ್ಕೊಟ್ಟೋನು ನಾನು. ಅದ್ರಿಂದ ತಲೇಲಿ ರಕ್ತ ಎಪ್ಪುಗಟ್ತು ಅಂತ ಡಾಕ್ಟ್ರು ಅಂದ್ರು."

"ಥೂ! ಗಂಡ್ಸಾಗಿ ಇಷ್ಟ್ ಜನದ್ ಮುಂದೆ ಎಂಥಾ ಮಾತಾಡೀಯ್ಲಾ? ನಾಚ್ಕೆ ಬ್ಯಾಡ್ವಾ?"

"ಇತ್ತು ದೊಡ್ಡವ್ವ. ಆಸ್ಪತ್ರೇಲಿ ಡಾಕ್ಟ್ರು ಕೇಳ್ದಾಗ ಬಲು ನಾಚ್ಕೆ ಇತ್ತು."

ಅವ್ವ ಗೋಡೆ ಬಿಟ್ಟು ಎದ್ದು ನಿಂತಳು. "ಅವನ್ನ ಬಯ್ಯಬ್ಯಾಡಕ್ಕ," ಎಂದಳು. "ಮದ್ವೆ ಮುಂದಕ್ಕೋದ್ಮೇಲೂ ನುಂಗು ಅಂದೋಳು ನಾನು. ಪಟ್ಟಿ ತರ್ಸಿದ್ದೂ ನಾನು. ಎಣ್ಮಗೀಗೆ ಏನೂ ಅನ್ಬ್ಯಾಡಿ." ಅಷ್ಟು ಹೇಳಿ ನನ್ನ ಹೆಂಡತಿಯ ಚಾಚಿದ ಕೈ ಹಿಡಿದುಕೊಂಡು ಅವಳನ್ನು ತನ್ನ ಪಕ್ಕ ಕೂರಿಸಿಕೊಂಡಳು.

ಬಾಗಿಲಲ್ಲಿ ಬಾವ ನಿಂತಿದ್ದರು, ಕೈಯಲ್ಲಿ ನೀರಿನ ಜಗ್ಗು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಜಗ್ಗು ಕೆಳಗಿಟ್ಟರು.

"ಡಾಕ್ಟ್ರು ಕೇಳ್ದಾಗ ಇಲ್ಲ ಅಂದಿದ್ದು ನಾನು," ಎಂದರು. "ನನ್ ಬಾಯಲ್ಲಿ ಅನ್ಸುದ್ರಿ. ಒಂದ್ಮಾತು ನಂಗ್ಯೋಳಿದ್ರೆ?"

ಬಾವ ಜಗ್ಗನ್ನು ಮತ್ತೆ ಎತ್ತಿಕೊಂಡು, "ಬಸ್ಸಿಗೊತ್ತಾಯ್ತದೆ. ಹೊರಡಿ" ಎಂದರು. ಬಸ್ಸಿನ ಹೊತ್ತು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮುಂದಿನ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ನಾವು ಎದ್ದು ಹೋಗಿ ರಸ್ತೆ ಬದಿಯಲ್ಲಿ ನಿಂತೆವು, ಅವ್ವನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವಳ ಸೊಸೆ.

ಮೂರು ತಿಂಗಳು ಬಾವ ನಮ್ಮ ಫೋನ್ ಎತ್ತಲಿಲ್ಲ. ನನಗೆ ಡ್ಯೂಟಿ ಇಲ್ಲದ ಒಂದು ದಿನ ನಾನೇ ಹೋದೆ, ಏನಾದರೂ ಆಗಲಿ ಎಂದು. ಅವರು ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಕತ್ತರಿಸುತ್ತಿದ್ದರು. ಹೋಗು ಅನ್ನಲಿಲ್ಲ, ಬಾ ಅನ್ನಲಿಲ್ಲ. ಮಗಳು ಶಾಲೆಗೆ ಹೋಗಿದ್ದಳು. ನಾನು ಒಂದು ಕಡೆ ಕುಕ್ಕರುಗಾಲಲ್ಲಿ ಕೂತೆ. ಹುಲ್ಲಿನ ಒಂದು ಹೊರೆ ಮುಗಿದ ಮೇಲೆ ಬಾವ ಮಾತಾಡಿದರು.

"ಮೊದಲ್ನಿಂದ ಯೋಳು. ಒಂದೂ ಬುಡ್ದಂಗೆ."

ಹೇಳಿದೆ. ಮಾತ್ರೆ ಅಂಗಡಿಯಿಂದ ಶುರು ಮಾಡಿದೆ. ಮೇಷ್ಟ್ರು, ನಂಗೇಯ ಎಂದದ್ದು, ಎಲ್ಲ. ಎಲ್ಲಿಯೂ ನಗು ಬರದ ಹಾಗೆ ಹೇಳಲು ನೋಡಿದೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

"ತಲೆನೋವು ಅಂತ ನಿಂಗೆ ಯಾವತ್ತಂದ್ಲು?"

"ಸ್ವಾಮಾರ, ಬಾವ. ತೋರಣ ಕಟ್ಟುವಾಗ."

"ನೀನೇನಂದೆ?"

ಅದನ್ನೂ ಹೇಳಿದೆ.

"ಅವ್ಳು ನಕ್ಕಳಾ?"

"ನಕ್ಕಳು ಬಾವ. ತಲೆ ಇಡ್ಕಂಡೇ ನಕ್ಕಳು."

ಬಾವ ಕುಡುಗೋಲಿಗೆ ಅಂಟಿದ ಹುಲ್ಲನ್ನು ಬೆರಳಿನಿಂದ ಒರೆಸಿದರು. ಮತ್ತೆ ಒರೆಸಿದರು.

"ನಂಗೆ ಅದ್ಕೂ ಎಲ್ಡು ದಿನ ಮುಂಚೆನೇ ಅಂದಿದ್ಲು," ಎಂದರು. "ಫೋನಲ್ಲಿ. ಕಬ್ಬಿಗೆ ನೀರ್ ಕಟ್ತಾ ಇದ್ದೆ. ಬಿಸ್ಲಲ್ಲಿ ತಿರುಗ್ಬ್ಯಾಡ, ವಸಿ ಮಲಿಕೋ, ಸರೋಯ್ತದೆ ಅಂದೆ. ಮಲಿಕಂತೀನಿ ಅಂದ್ಲು." ತಲೆಯೆತ್ತಿ ನನ್ನನ್ನು ನೋಡಿದರು. "ಮಲಿಕೋ ಅಂದಿದ್ದು ಒಳ್ಳೇದೇ ಅಲ್ವಾ? ಅದಾದ್ರೂ ಸರಿಯಾಗ್ ಯೋಳಿದ್ನಲ್ಲ?"

"ಸರಿಯಾಗ್ ಯೋಳಿದ್ರಿ ಬಾವ" ಎಂದೆ.

"ಎಲ್ಲಾ ಯೋಳ್ದ್ಯಾ? ಇನ್ನೇನೂ ಬುಡ್ನಿಲ್ವಾ?"

"ಎಲ್ಲಾ ಯೋಳ್ದೆ."

ಮಲಗಿದರೆ ನೋವು ಹೆಚ್ಚಾಗುತ್ತದೆ ಎಂದು ಅಕ್ಕ ಜಗಲಿಯಲ್ಲಿ ನನಗೆ ಹೇಳಿದ್ದ ಒಂದು ಮಾತನ್ನು ನಾನು ಬಿಟ್ಟಿದ್ದೆ. ಇನ್ನು ಮೇಲೆ ಏನನ್ನೂ ಮುಚ್ಚಿಡುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡೇ ಆವತ್ತು ಮನೆ ಬಿಟ್ಟಿದ್ದೆ. ಬಾವ ಎದ್ದು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ನನ್ನ ಮುಂದೆ ಇಟ್ಟರು. ಕುಡಿದೆ. ಅಕ್ಕನ ಹಾಗೆ ಉಪ್ಪು ಹಾಕಿ ಕೊಡುವುದು ಅವರಿಗೆ ಗೊತ್ತಿರಲಿಲ್ಲ.